ಕೋಟೆ ನೋಡಲು ಹೊರಟ ಭಾನುವಾರ

ಊರು ನೋಡುವುದಕ್ಕಿಂತ, ಊರು ನೋಡಲು ಪ್ಲಾನು ಹಾಕುವುದರಲ್ಲೇ ನನಗೆ ಹೆಚ್ಚು ಸುಖ. ರೈಲ್ವೆಯಲ್ಲಿ ವೇಳಾಪಟ್ಟಿ ನೋಡಿಕೊಳ್ಳುತ್ತಲೇ ತಲೆ ನರೆಸಿಕೊಂಡು ನಿವೃತ್ತನಾದವನು ನಾನು. ಮದುವೆಮನೆಗೆ ಹೊರಟರೂ ಧಾರೆ ಎಷ್ಟು ಹೊತ್ತಿಗೆ, ಊಟಕ್ಕೆ ಎಷ್ಟನೇ ಪಂಕ್ತಿಯಲ್ಲಿ ಕೂರಬೇಕು ಎಂದು ಲೆಕ್ಕ ಹಾಕದೆ ಚಪ್ಪಲಿ ಮೆಟ್ಟಿದವನಲ್ಲ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಶಿಸ್ತು ಎನ್ನುತ್ತೇನೆ. ಇಬ್ಬರೂ ಬಿಟ್ಟುಕೊಟ್ಟಿಲ್ಲ.

ಅಂಥ ನಾನು ತಮಿಳು ನಾಡಿನ ರಾಜಧಾನಿಯ ತಿರುವಲ್ಲಿಕ್ಕೇಣಿಯಲ್ಲೇ ಹುಟ್ಟಿ ಬೆಳೆದರೂ ಹತ್ತಿರದಲ್ಲೇ ಇರುವ ಜಾರ್ಜ್ ಕೋಟೆಯೊಳಗೆ ಒಮ್ಮೆಯೂ ಹೋಗಿರಲಿಲ್ಲ. ನಮ್ಮ ಕನ್ನಡದ ತಲೆಯಲ್ಲಿ ಕೋಟೆಯೆಂದರೆ ಬೆಟ್ಟವಿರಬೇಕು, ಬಂಡೆಯಿರಬೇಕು, ಹತ್ತುವಾಗ ಏದುಸಿರು ಬರಬೇಕು. ಇದೋ ಸಮುದ್ರದ ಪಕ್ಕ ಚಪ್ಪಟೆಯಾಗಿ ಕೂತಿದೆ. ಒಳಗೆ ಸರ್ಕಾರದ ಸಚಿವಾಲಯ. ವಾರದ ದಿನ ಹೋದರೆ ವರ್ಗಾವಣೆ ಕೇಳಲು ಬಂದ ಗುಮಾಸ್ತನೆಂದು ತಿಳಿದಾರು ಎಂದು ನಾನು ಮುಂದೂಡುತ್ತಲೇ ಬಂದೆ.

ಕೊನೆಗೆ ನನ್ನನ್ನು ಹೊರಡಿಸಿದವರು ಅಂಬುಜಾ ಚಿಕ್ಕಮ್ಮ. ಟೆಲಿಫೋನ್ ಆಫೀಸಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಗ್ರೇಸ್. ಬಳ್ಳಾರಿ ಕಡೆಯವರು. ಇಡೀ ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ, ಹಾಗಾಗಿ ಮೇಲಧಿಕಾರಿಯ ಎದುರೇ ಮೇಲಧಿಕಾರಿಯನ್ನು ಬೈಯುವ ಸೌಭಾಗ್ಯವೂ ಇವರಿಬ್ಬರದೇ. ಯುಗಾದಿಯ ಒಬ್ಬಟ್ಟಿಗೆ ಗ್ರೇಸ್ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದರು. ಅವರು ಕೋಟೆಯೊಳಗಿನ ಹಳೇ ಚರ್ಚಿನಲ್ಲಿ ಭಾನುವಾರ ಹಾಡುತ್ತಾರೆಂಬುದು ನಮಗೆಲ್ಲ ಗೊತ್ತಿತ್ತು. ಹೋಗಿ ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಈಗ ಅವರು ಮನೆ ಖಾಲಿ ಮಾಡಿ, ಬಳ್ಳಾರಿಯಲ್ಲಿರುವ ತಂಗಿಯ ಜೊತೆ ಇರಲು ಹೊರಟಿದ್ದರು. ಬರುವ ಭಾನುವಾರವೇ ಅವರ ಕೊನೆಯ ಹಾಡು.

“ಒಂದ್ ಸಲವಾದ್ರೂ ಕೂತು ಕೇಳ್ಬೇಕು ಕಣೋ,” ಎಂದರು ಚಿಕ್ಕಮ್ಮ. “ಆದ್ರೆ ಅವಳ ಜನದ ಮುಂದೆ ನನ್ನಿಂದ ಅವಳಿಗೆ ಒಂದು ಚೂರೂ ಮುಜುಗರ ಆಗ್ಬಾರ್ದು. ಅದು ನಿನ್ನ ಪೊರುಪ್ಪು.”

ಪೊರುಪ್ಪು ಎಂದರೆ ಜವಾಬ್ದಾರಿ. ಭಾರವಾದ ಮಾತೆಲ್ಲ ಚಿಕ್ಕಮ್ಮನ ಬಾಯಲ್ಲಿ ತಮಿಳಿನಲ್ಲೇ ಬರುತ್ತದೆ. ನಾನಂತೂ ಹಿಗ್ಗಿಹೋದೆ. ಮೊದಲು ಚರ್ಚು, ಆಮೇಲೆ ಮ್ಯೂಸಿಯಮ್ಮು, ಕೊತ್ತಲ, ಧ್ವಜಸ್ತಂಭ, ಬಿಸಿಲೇರುವುದರೊಳಗೆ ಮನೆ. ಪೂಜೆಯ ಸುತ್ತ ಕೋಟೆಯನ್ನು ಎಷ್ಟು ಚಂದ ಹೊಂದಿಸಿದ್ದೆನೆಂದರೆ, ಕಟ್ಟಿಸಿದ ಕಂಪನಿಯವರೇ ಮೆಚ್ಚಬೇಕು.

ಭಾನುವಾರ ಬಾಗಿಲಲ್ಲಿದ್ದ ಮಹಿಳಾ ಪೊಲೀಸು ಚಿಕ್ಕಮ್ಮನ ಚೀಲ ತೆರೆದು, ಪುಳಿಯೋಗರೆಯ ಘಮಕ್ಕೆ ಮುಖವರಳಿಸಿ ಒಳಗೆ ಬಿಟ್ಟಳು. ಕೋಟೆಯೊಳಗೆ ಚರ್ಚು ಇರುವುದು ನನಗೇನೂ ವಿಚಿತ್ರವೆನಿಸಲಿಲ್ಲ. ನಮ್ಮ ಕೋಟೆಗಳ ಬಾಗಿಲಲ್ಲೂ ಒಬ್ಬ ಆಂಜನೇಯ ಇದ್ದೇ ಇರುತ್ತಾನಲ್ಲ. ಎಷ್ಟು ದಪ್ಪ ಗೋಡೆ ಎಬ್ಬಿಸಿದರೂ ಕಟ್ಟಿಸಿದವನಿಗೆ ಒಳಗೊಳಗೇ ಪುಕುಪುಕು. ಇವರೋ ಫಿರಂಗಿ ಗುಂಡಿಗೂ ಜಗ್ಗದಂತೆ ಚರ್ಚಿನ ಚಾವಣಿಯನ್ನೇ ಕಮಾನು ಮಾಡಿ ಕಟ್ಟಿದ್ದಾರೆ. ದೇವರು ನಮ್ಮನ್ನು ಕಾಯಲಿ, ದೇವರನ್ನು ನಾವು ಕಾಯೋಣ ಎಂಬ ಒಪ್ಪಂದ!

ಇಷ್ಟೆಲ್ಲ ಓದಿಕೊಂಡು ಬಂದ ನಾನು ಮೊದಲ ತಪ್ಪನ್ನು ಹೊಸ್ತಿಲಲ್ಲೇ ಮಾಡಿದೆ. ಅಲ್ಲಿ ಎಲ್ಲರೂ ಮೆಟ್ಟಿಕೊಂಡೇ ಒಳಹೋಗುತ್ತಾರೆ; ನಾವಿಬ್ಬರೂ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆವು. ನಮ್ಮ ಹಿಂದೆ ಬಂದ ಯಾರೋ ಪ್ರವಾಸಿಗಳು ಅದನ್ನು ನೋಡಿ ತಾವೂ ಬಿಟ್ಟರು. ಆಮೇಲೆ ಒಂದು ಸಾಲೇ ಆಯಿತು.

ಆರ್ಗನ್ ಮೊಳಗಿತು. ಬಿಳಿಯ ನಿಲುವಂಗಿಯಲ್ಲಿ ಹಾಡುಗಾರರ ಕೊನೆಯ ಸಾಲಿನಲ್ಲಿ ನಿಂತಿದ್ದ ಗ್ರೇಸ್ ನಮ್ಮನ್ನು ಕಂಡವರೇ ಒಂದು ಸಾಲು ಹಾಡುವುದನ್ನೇ ಮರೆತರು. ಚಿಕ್ಕಮ್ಮ ತೊಡೆಯ ಮೇಲೆ ತಾಳ ಹಾಕತೊಡಗಿದರು. ಎಲ್ಲ ಸುಸೂತ್ರ ಎಂದು ನಾನು ಬೀಗುತ್ತಿರುವಾಗಲೇ ಜನ ಎದ್ದು ಪಾದ್ರಿಗಳ ಮುಂದೆ ಸಾಲುಗಟ್ಟಿದರು. ಅವರು ಕೊಡುವ ರೊಟ್ಟಿ, ದ್ರಾಕ್ಷಾರಸ ಅವರ ಮತದ ದೀಕ್ಷೆ ಪಡೆದವರಿಗೆ ಎಂಬುದು ನನಗೆ ಗೊತ್ತಿತ್ತು. ಚಿಕ್ಕಮ್ಮನಿಗೆ ಹೇಳುವುದೊಂದೇ ಮರೆತಿದ್ದೆ.

“ತೀರ್ಥ ಕೊಡ್ತಿದಾರೆ, ಏಳೋ,” ಎಂದು ಅವರು ಹೊರಟೇಬಿಟ್ಟರು. ಸೆರಗು ಹಿಡಿಯಲು ಹೋದ ನನ್ನ ಕೈಗೆ ಗಾಳಿ ಸಿಕ್ಕಿತು. ಗ್ರೇಸ್ ಅವರ ಕೊನೆಯ ಭಾನುವಾರ, ಇಡೀ ಸಭೆ ನೋಡುತ್ತಿದೆ, ನನ್ನ ಪೊರುಪ್ಪು ಒಂಬತ್ತು ಗಜದ ಸೀರೆಯುಟ್ಟು ನಡೆದುಹೋಗುತ್ತಿದೆ!

ಅದು ತಮ್ಮ ಪಾಲಿನದಲ್ಲವೆಂದು ಹತ್ತಿರ ಹೋದಮೇಲೆ ಹೊಳೆಯಿತೋ ಏನೋ, ಪಾದ್ರಿಗಳ ಮುಂದೆ ಚಿಕ್ಕಮ್ಮ ಕೈ ಚಾಚಲಿಲ್ಲ. ನಮ್ಮ ವೈಷ್ಣವ ಗುಡಿಗಳಲ್ಲಿ ದೇವರ ಪಾದವೆಂದು ತಲೆಯ ಮೇಲಿಟ್ಟು ತೆಗೆಯುವ ಶಠಾರಿಯಿದೆಯಲ್ಲ, ಅದಕ್ಕೆ ಬಾಗುವಂತೆ ಸೊಂಟ ಬಗ್ಗಿಸಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟರು. ಪಾದ್ರಿಗಳು ತಬ್ಬಿಬ್ಬಾಗಿ ಆಚೀಚೆ ನೋಡಿದರು. ಆಗ ಹಾಡುತ್ತಲೇ ಗ್ರೇಸ್ ತಮ್ಮ ಕೈಯನ್ನು ತಮ್ಮ ತಲೆಯ ಮೇಲೇ ಇಟ್ಟು ತೋರಿಸಿದರು. ಪಾದ್ರಿಗಳ ಮುಖ ತಿಳಿಯಾಯಿತು. ಚಿಕ್ಕಮ್ಮನ ಬೆಳ್ಳಿಗೂದಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಹರಸಿದರು. “ಅಪ್ಪಾಡಾ!” ಎಂದು ತಮಿಳಿನಲ್ಲೇ ಉಸ್ಸೆಂದೆ, ಸ್ವಲ್ಪ ಜೋರಾಗಿಯೇ.

ಹೊರಗೆ ಬಂದ ಗ್ರೇಸ್ ಓಡಿ ಬಂದು ಚಿಕ್ಕಮ್ಮನನ್ನು ತಬ್ಬಿಕೊಂಡರು. “ಬಂದೀಯೇನು ಅಂಬುಜಾ! ನೀ ಬರ್ತೀ ಅಂತ ನಾ ಅನ್ಕೊಂಡೇ ಇದ್ದಿಲ್ಲ ನೋಡು!” ಇವರು ನಿಮ್ಮ ಸಂಬಂಧಿಕರೇ ಎಂದು ಯಾರೋ ಕೇಳಿದರು. “ನಮ್ಮ ಮನಿಯವ್ರು,” ಎಂದು ಗ್ರೇಸ್ ಕಣ್ಣೊರೆಸಿಕೊಂಡರು. ಮರದ ಕೆಳಗೆ ಪುಳಿಯೋಗರೆ ಬಿಚ್ಚಿಕೊಂಡಿತು. ಆ ಹಳೇ ಮೇಲಧಿಕಾರಿಗೆ ಮತ್ತೊಮ್ಮೆ ಮಂಗಳಾರತಿ ಆಯಿತು. ನಾನು ಗಡಿಯಾರ ನೋಡುವುದು, ಅವರಿಬ್ಬರು ನನ್ನನ್ನು ನೋಡಿ ನಗುವುದು. ಮ್ಯೂಸಿಯಮ್ಮೂ ಹೋಯಿತು, ಕೊತ್ತಲವೂ ಹೋಯಿತು. ನನಗೆ ಬೇಜಾರಾಗಬೇಕಿತ್ತು, ಆಗಲಿಲ್ಲ. ಅಷ್ಟು ಚೆನ್ನಾಗಿ ಕೆಟ್ಟ ಪ್ಲಾನನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಆಟೋದಲ್ಲಿ ಸುಮ್ಮನೆ ಇರಲಾರದೆ, “ಕೋಟೆ ನೋಡೋದಕ್ಕೇ ಆಗ್ಲಿಲ್ವಲ್ಲ ಚಿಕ್ಕಮ್ಮ,” ಎಂದೆ.

“ಅದೆಲ್ಲಿ ಹೋಗತ್ತೋ, ಅಲ್ಲೇ ಇರತ್ತೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಬಳ್ಳಾರೀಲೂ ಒಂದು ಕೋಟೆ ಇದ್ಯಂತಲ್ಲೋ. ಅದಕ್ಕೂ ಒಂದು ಪ್ಲಾನ್ ಹಾಕು. ಭಾನುವಾರವೇ ಇರ್ಲಿ.”