ಅತ್ತೆಯ ಎರಡನೇ ಸೊಸೆ

ಫೋನು ತಾನಾಗಿಯೇ ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಕಾಫಿಗೆ ಸಕ್ಕರೆ ಸಾಲದು ಎಂದು ಟೈಪ್ ಮಾಡಿದರು. ಫೋನು "ಸಕ್ಕ" ಎಂದು ನಿಂತುಬಿಟ್ಟಿತು. ಪರದೆಯ ಮೇಲೆ ಸಣ್ಣದೊಂದು ಉಂಗುರ ಸುತ್ತುತ್ತಲೇ ಇತ್ತು. ಕಾಫಿ ಆರಿದರೂ ಅದು ನಿಲ್ಲಲಿಲ್ಲ.

ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಇವರ ಮಾತೆಲ್ಲ ಆ ಫೋನಿನಲ್ಲೇ. ಇವರು ಬರೆಯುತ್ತಾರೆ, ಅದು ಓದುತ್ತದೆ, ಹೆಂಗಸಿನ ದನಿಯಲ್ಲಿ. ಮೊದಲು ಇವರು ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕರಲ್ಲೂ ಕ್ರೇಟಿನ ಬೆಲೆ ಏರಿಸುತ್ತಿದ್ದರು. ಮಾಲೂರಿನ ಕಾನ್ವೆಂಟಿನಲ್ಲಿ, ನಮ್ಮ ಮಾತು ಪಕ್ಕದ ಬೆಂಚಿಗೆ ಕೇಳಿಸಬಾರದು ಎಂದು ಸಿಸ್ಟರುಗಳು ಕಲಿಸಿದ ಹುಡುಗಿ ನಾನು. ಮದುವೆಯಾದ ಹೊಸದರಲ್ಲಿ ಇವರು ಮಾತಾಡಿದಾಗೆಲ್ಲ ಯಾರನ್ನೋ ಬೈಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಈಗ ಕುತ್ತಿಗೆಯ ಬುಡದಲ್ಲಿ ರೂಪಾಯಿಯಗಲದ ಒಂದು ತೂತು ಇದೆ. ಉಸಿರಾಟ ಅದರಲ್ಲೇ. ಅದರ ಮೇಲೆ ಕಟ್ಟಿಕೊಳ್ಳಲು ನನ್ನ ಹಳೆಯ ವಾಯಿಲ್ ಸೀರೆ ಕತ್ತರಿಸಿ ತೆಳ್ಳನೆಯ ಬಟ್ಟೆಗಳನ್ನು ಹೊಲಿದಿಟ್ಟಿದ್ದೇನೆ. ಹೊರಗೆ ಹೋಗುವಾಗ ಅದರ ಮೇಲೊಂದು ಟವೆಲು.

ಈ ತೂತಿನ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಅವರು ಮುಳಬಾಗಿಲಿನಾಚೆ, ಬೈರಕೂರಿನ ಹತ್ತಿರದ ಹಳ್ಳಿಯಲ್ಲಿ, ಮಗಳ ಮನೆಯಲ್ಲಿದ್ದರು. ಎರಡೂ ಕಣ್ಣು ಹೋಗಿದ್ದವು. ಮಾವನವರೂ ಇದೇ ಗಂಟಲಿನ ಕಾಯಿಲೆಯಲ್ಲಿ ಅವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದರಿಂದ, ಆಸ್ಪತ್ರೆಗೆ ಸೇರುವ ಮೊದಲೇ ಇವರು ನನ್ನಿಂದಲೂ ನಾದಿನಿಯಿಂದಲೂ ಆಣೆ ಮಾಡಿಸಿಕೊಂಡಿದ್ದರು: ಅಮ್ಮನಿಗೆ ತಿಳಿಯಬಾರದು. ಮಂಡಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ, ಮಾತಾಡಬೇಡ ಎಂದಿದ್ದಾರೆ ಡಾಕ್ಟರು, ಅದಕ್ಕೇ ಫೋನು ಮಾತಾಡುತ್ತದೆ ಎಂದು ಹೇಳಿಟ್ಟೆವು.

ಅತ್ತೆಗೆ ತೆಲುಗು ಬಿಟ್ಟರೆ ಬೇರೆ ಬಾರದು. ಇವರಿಗೋ ತೆಲುಗು ಮನೆಮಾತಾದರೂ ಬರೆಯಲು ಬರುವುದು ಕನ್ನಡ ಮಾತ್ರ. ಇಲ್ಲಿಯ ಎಷ್ಟೋ ಜನ ಹಾಗೆಯೇ. ಆದ್ದರಿಂದ ಕನ್ನಡ ಅಕ್ಷರದಲ್ಲಿ ತೆಲುಗು ಬರೆಯುತ್ತಿದ್ದರು. ಕನ್ನಡದ ಯಂತ್ರ ತಡವರಿಸುತ್ತ ಅದನ್ನು ಓದುತ್ತಿತ್ತು. ನನ್ನದು ಬಟನ್ ಫೋನು. ಅದರಲ್ಲಿ ಅತ್ತೆಗೆ ಕರೆ ಮಾಡಿ, ಎರಡೂ ಫೋನುಗಳನ್ನು ಮುಖಕ್ಕೆ ಮುಖ ತಾಗಿಸಿ ನಾನು ಹಿಡಿದುಕೊಳ್ಳುತ್ತಿದ್ದೆ.

"ಎವರೇ ಇದಿ, ರೈಲ್ವೆ ಸ್ಟೇಷನ್ನಮ್ಮ?" ಎಂದು ಅತ್ತೆ ಮೊದಲ ದಿನ ನಕ್ಕರು, ಯಾರೇ ಇವಳು, ರೈಲ್ವೆ ಸ್ಟೇಷನ್ನಿನಲ್ಲಿ ಕೂಗುವವಳಾ ಎಂದು. ಆಮೇಲೆ ಆ ದನಿಗೆ 'ರೆಂಡೋ ಕೋಡಲು' ಎಂದು ಹೆಸರಿಟ್ಟರು, ಎರಡನೇ ಸೊಸೆ. "ನಿನಗಿಂತ ಇವಳೇ ವಾಸಿ ಕಣೇ, ತೆಲುಗಾದ್ರೂ ಮಾತಾಡ್ತಾಳೆ" ಎಂದು ಅವರು ಹೇಳಿದ್ದನ್ನು ನಾದಿನಿ ಕನ್ನಡದಲ್ಲಿ ನನಗೆ ದಾಟಿಸುತ್ತಿದ್ದಳು.

ಅಪ್‌ಡೇಟ್ ಆದ ಮೇಲೆ ಫೋನು ಹೆಂಚಿನಿಂದ ಈಗಷ್ಟೇ ತೆಗೆದ ರೊಟ್ಟಿಯ ಹಾಗೆ ಬಿಸಿಯಾಗತೊಡಗಿತು. ಬೆಳಿಗ್ಗೆ ತುಂಬಿಸಿದ ಚಾರ್ಜು ಮಧ್ಯಾಹ್ನಕ್ಕೆ ಖಾಲಿ. ಸ್ಟೀಲ್ ತಟ್ಟೆಯಲ್ಲಿಟ್ಟು ಫ್ಯಾನಿನ ಕೆಳಗೆ ಇಡುತ್ತಿದ್ದೆ. ಆಫ್ ಮಾಡಿ ಆನ್ ಮಾಡಿದರೆ ಎರಡು ವಾಕ್ಯ ಓದಿ ಮತ್ತೆ ಹಟ ಹಿಡಿಯುತ್ತಿತ್ತು. ಇವರು ಕೈಸನ್ನೆಗೆ ಇಳಿದರು. ನನಗೆ ಅರ್ಥವಾಗದಿದ್ದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು.

ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು.

"ಅಪ್‌ಡೇಟ್ ಆದ್ಮೇಲೆ ಒಂದಷ್ಟು ದಿನ ಹಿಂಗೇ ಮೇಡಂ, ಒಳಗೆಲ್ಲಾ ಜೋಡಿಸ್ಕೊಂತಿರ್ತದೆ" ಎಂದರು ಅಂಗಡಿಯವರು. ಬೆಳಕು ತಗ್ಗಿಸಿದರು, ಲೊಕೇಶನ್ ಮುಚ್ಚಿದರು, ಹಿಂದುಗಡೆ ಓಡುತ್ತಿದ್ದ ಆಪ್‌ಗಳನ್ನು ಒಂದೊಂದಾಗಿ ನಿಲ್ಲಿಸಿದರು. ಯಾವುದು ಎಷ್ಟು ಬ್ಯಾಟರಿ ತಿನ್ನುತ್ತಿದೆ ಎಂದು ತೋರಿಸುವ ಜಾಗ ತೆರೆದು ಹೇಳಿದರು, "ಇಕಾ ನೋಡಿ ಕಳ್ಳ! ಈ ಓದೋ ಆಪು ಹಳೇದು, ಹೊಸ ಸಾಫ್ಟ್‌ವೇರ್‌ಗೆ ಹೊಂದ್ತಿಲ್ಲ. ಎಲ್ಲಾ ಚಾರ್ಜು ಇದೇ ಕುಡೀತದೆ. ಸುಮ್ನೆ ಯಾಕೆ, ತೆಗೆದಾಕ್ಬಿಡ್ಲಾ?"

ಇವರು ಟವೆಲು ಸರಿಸಿ, ಬಟ್ಟೆ ಎತ್ತಿ ತೋರಿಸಿದರು.

ಅಂಗಡಿಯವರ ಕೈ ಫೋನಿನ ಮೇಲೇ ನಿಂತಿತು. ಪಕ್ಕದಲ್ಲಿ ರೀಚಾರ್ಜಿಗೆ ಬಂದಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಂಗಡಿಯವರು ದನಿ ತಗ್ಗಿಸಿ, "ರೀಸೆಟ್ ಮಾಡ್ನೋಡ್ಬೇಕು ಸಾರ್. ಆದ್ರೆ ಒಳಗಿರೋದೆಲ್ಲಾ ಹೋಗ್ತದೆ" ಎಂದರು. ಇವರು ತಲೆಯಾಡಿಸಿದರು, ಬೇಡ. ಅಮ್ಮನಿಗೆಂದು ಮೊದಲೇ ಬರೆದಿಟ್ಟ ತೆಲುಗು ಮಾತುಗಳೆಲ್ಲ ಅದರಲ್ಲೇ ಇದ್ದವು. ಅವನ್ನು ನಾನು ಬರೆದುಕೊಂಡು ಸೋಮವಾರ ತರುತ್ತೇನೆ ಎಂದೆ.

ಸೋಮವಾರದವರೆಗೆ ಕಾಯಲು ಆಗಲಿಲ್ಲ. ಮರುದಿನ ಬೆಳಿಗ್ಗೆ ನಾದಿನಿಯ ಕರೆ. "ಅತ್ತಿಗೇ, ಅಮ್ಮ ನೀರೂ ಇಳಿಸ್ತಿಲ್ಲ. ಅಣ್ಣನ್ನೇ ಕೇಳ್ತಾಳೆ. ಬೇಗ ಬಂದ್ಬಿಡಿ."

ಮುಳಬಾಗಿಲಿನ ಬಸ್ಸಿನಲ್ಲಿ ಇವರು ಫೋನನ್ನು ಆಫ್ ಮಾಡಿ ಎರಡೂ ಅಂಗೈ ನಡುವೆ ಇಟ್ಟುಕೊಂಡಿದ್ದರು, ಮೊಟ್ಟೆ ಹಿಡಿದಂತೆ. ಪವರ್ ಬ್ಯಾಂಕು ಅಂಗಿಯ ಜೇಬಿನಲ್ಲಿತ್ತು. ಕಿಟಕಿಯಾಚೆ ಮಾವಿನ ತೋಪುಗಳು ಹೋಗುತ್ತಿದ್ದವು. ನನಗೆ ಕಾಣುತ್ತಿದ್ದದ್ದು ಇವರ ಹೆಬ್ಬೆರಳು ಮಾತ್ರ. ಆಫ್ ಆದ ಪರದೆಯ ಮೇಲೆ ಅದು ಏನನ್ನೋ ಬರೆಯುತ್ತಲೇ ಇತ್ತು.

ಅತ್ತೆಯನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತುಟಿಯ ಮೇಲೆ ಒದ್ದೆ ಹತ್ತಿ. ನಾದಿನಿ ಕಿವಿಯ ಹತ್ತಿರ ಬಾಗಿ, "ಅಮ್ಮಾ, ಅನ್ನ ವಚ್ಚಿನಾಡು" ಎಂದಳು, ಅಣ್ಣ ಬಂದಿದ್ದಾನೆ ಎಂದು.

"ಮಾಟ್ಲಾಡಮನು" ಎಂದರು ಅತ್ತೆ. ಮಾತಾಡಲು ಹೇಳು.

ಇವರು ಪಕ್ಕದಲ್ಲಿ ಕೂತು ಫೋನು ಹೊತ್ತಿಸಿದರು. ಬರೆದಿಟ್ಟ ಮಾತೊಂದನ್ನು ಒತ್ತಿದರು. ಉಂಗುರ ಸುತ್ತತೊಡಗಿತು. ಮತ್ತೆ ಒತ್ತಿದರು. ಪರದೆ ಕಲ್ಲಾಯಿತು. ಬದಿಯ ಗುಂಡಿಯನ್ನು ಉಗುರು ಬೆಳ್ಳಗಾಗುವವರೆಗೆ ಅದುಮಿದರೂ ಆಫ್ ಕೂಡ ಆಗಲಿಲ್ಲ.

"ಮಾಟ್ಲಾಡಡೇಮೇ?" ಎಂದರು ಅತ್ತೆ. ಯಾಕೆ ಮಾತಾಡ್ತಿಲ್ಲ ಇವನು?

ಇವರು ತುಟಿ ಆಡಿಸಿ ನನ್ನ ಕಡೆ ನೋಡಿದರು. ಆ ತುಟಿ ಓದುವುದು ನನಗೆ ಅಭ್ಯಾಸವಾಗಿತ್ತು, ಆದರೆ ಕನ್ನಡದಲ್ಲಿ. ತೆಲುಗು ಕಿವಿಗೆ ಬಿದ್ದರೆ ಅಷ್ಟಿಷ್ಟು ತಿಳಿಯುತ್ತಿತ್ತು, ತೆಲುಗಿನ ತುಟಿ ಮಾತ್ರ ನನಗೆ ಬರಲಿಲ್ಲ. ಏನೋ ಊಹಿಸಿ, "ಇಲ್ಲೇ ಇದಾರಮ್ಮ, ಪಕ್ಕದಲ್ಲೇ ಇದಾರೆ" ಎಂದೆ.

"ನುವ್ವು ಕಾದು, ವಾಡು" ಎಂದರು. ನೀನಲ್ಲ, ಅವನು.

ಇವರು ಅಮ್ಮನ ಕೈ ಹಿಡಿದುಕೊಂಡರು. ಆ ಕೈ ಸುಮ್ಮನಿರಲಿಲ್ಲ. ಮೊಣಕೈಗೆ ಬಂತು, ಭುಜಕ್ಕೆ ಬಂತು, ಗಲ್ಲ ಸವರಿತು, ಒದ್ದೆ ಕೆನ್ನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿಯಿತು. ಇವರು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಬೆರಳುಗಳು ಟವೆಲಿನ ಒಳಹೊಕ್ಕು, ನಾನು ಹೊಲಿದ ಬಟ್ಟೆಯ ಅಂಚನ್ನು ಹುಡುಕಿ ಮೇಲೆತ್ತಿದವು. ನಾದಿನಿ ಮುಂದೆ ಬಂದಳು, ಅಲ್ಲೇ ನಿಂತಳು.

ಅಂಗೈ ತೂತಿನ ಎದುರಿಗೆ ಹೋಗಿ ನಿಂತಿತು.

"ಗಾಲಿ ಈಡ ನಿಂಚಿ ವಸ್ತಾಂದೇ" ಎಂದರು ಅತ್ತೆ. ಉಸಿರು ಇಲ್ಲಿಂದ ಬರುತ್ತಿದೆಯಲ್ಲೇ.

ಅವರ ಕುರುಡುಗಣ್ಣು ಸೂರನ್ನೇ ನೋಡುತ್ತಿತ್ತು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ವಾಳ್ಳ ನಾಯನಕಿ ಅಯಿನಟ್ಟೇ" ಎಂದರು. ಇವನಪ್ಪನಿಗೆ ಆದ ಹಾಗೆಯೇ.

ಆಗ, ಚಾಪೆಯ ಮೇಲೆ ಬಿದ್ದಿದ್ದ ಫೋನು ಬಾಯಿ ಬಿಟ್ಟಿತು. ಅಷ್ಟು ಹೊತ್ತು ನುಂಗಿಕೊಂಡಿದ್ದ ಮಾತನ್ನು ಗಟ್ಟಿಯಾಗಿ, ಸ್ಟೇಷನ್ನಿನಲ್ಲಿ ಕೂಗುವವಳಂತೆ ಓದಿತು: "ನಾಕೇಮೀ ಲೇದಮ್ಮಾ. ಗೊಂತು ಪಟ್ಟೇಸಿಂದಿ, ಅಂತೇ."

ನನಗೇನೂ ಆಗಿಲ್ಲಮ್ಮ. ಗಂಟಲು ಕಟ್ಟಿದೆ, ಅಷ್ಟೆ.

ಇವರು ಎರಡು ಸಲ ಒತ್ತಿದ್ದರಲ್ಲ, ಅದು ಎರಡನೇ ಸಲವೂ ಓದಿತು. ನಾನು ಅದನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡೆ. ಅಲ್ಲಿಂದಲೂ ಕೇಳುತ್ತಿತ್ತು. ಬಟ್ಟೆಯೊಳಗಿಂದ ಅದರ ಬಿಸಿ ಹೊಟ್ಟೆಗೆ ತಾಗುತ್ತಿತ್ತು.

ಅತ್ತೆ ಮುಖವನ್ನು ಆ ದನಿಯ ಕಡೆ ತಿರುಗಿಸಿದರು. "ನುವ್ವು ಊರುಕೋಮ್ಮಾ" ಎಂದರು, ಬೇಸರವಿಲ್ಲದೆ. ನೀನು ಸುಮ್ಮನಿರಮ್ಮ ಎಂದು, ತಮ್ಮ ಎರಡನೇ ಸೊಸೆಗೆ.

ಕೈ ಮಾತ್ರ ತೆಗೆಯಲಿಲ್ಲ. ಮಗನ ಉಸಿರು ಅಂಗೈಗೆ ಬಡಿಯುತ್ತಿದ್ದಂತೆ ಅವರ ಬೆರಳುಗಳು ಒಂದಿಷ್ಟು ಮಡಚಿಕೊಳ್ಳುತ್ತಿದ್ದವು, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು.