ಬೂದಿ ಗಡಿಗೆ

ಮನೆಯ ಪಾಯ ತೋಡುತ್ತಿದ್ದ ನನ್ನ ಗಂಡನ ಗುದ್ದಲಿ ತಾಗಿ, ಮಣ್ಣೊಳಗಿದ್ದ ಗಡಿಗೆಯೊಂದು ಒಡೆಯಿತು. ಒಳಗಿನಿಂದ ಬೂದಿ ಸುರಿಯಿತು.

“ನಿಲ್ಸಪಾ! ಇದು ಸುಡುಗಾಡು ಐತಿ,” ಎಂದು ಮಾವ ಕೂಗಿದರು.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಪ್ಲೇಗಿಗೆ ಹೆದರಿ ಊರು ಬಿಟ್ಟು, ತಾವರಗೇರಾ ಹತ್ತಿರದ ಈ ದಿಬ್ಬಕ್ಕೆ ಬಂದಿದ್ದೆವು. ನಾನು ತುಂಬು ಬಸುರಿ. ಇನ್ನೆಲ್ಲಿಗೆ ಹೋಗುವುದು?

ಅತ್ತೆ ಮಾತ್ರ ಕುಕ್ಕರಗಾಲಲ್ಲಿ ಕೂತು ಗಡಿಗೆಯ ತಳ ಸವರಿದರು. ಬೆರಳಿಗೆ ಮಸಿ ಹತ್ತಿತು. ಪಕ್ಕದ ಮಣ್ಣು ಕೆದರಿದರೆ, ಸುಟ್ಟು ಕಪ್ಪಾದ ಮೂರು ಒಲೆಗಲ್ಲು!

“ಸುಡುಗಾಡಿಗೆ ಹೊಸಾ ಗಡಿಗಿ ಒಯ್ತಾರ, ಮಸಿ ಹಿಡಿದದ್ದಲ್ಲ. ಭಾಂಡಿ ತಿಕ್ಕಾಕ ನಮ್ಮ ಒಲಿ ಬಾಜೂಕೂ ಬೂದಿ ಗಡಿಗಿ ಇಲ್ಲೇನ್ರಿ? ಇದು ಯಾರದೋ ಅಡಗಿಮನಿ,” ಎಂದು ಅತ್ತೆ ನಕ್ಕರು. ಮಾವ ರುಮಾಲು ತೆಗೆದು ಬೆವರು ಒರೆಸಿಕೊಂಡರು.

ಆಮೇಲೆ ನೆರೆಯವರ ಪಾಯಗಳಲ್ಲೂ ಅಂಥವೇ ಮಡಕೆ ಚೂರು, ಒಲೆಗಲ್ಲು ಸಿಕ್ಕವು. ಎಷ್ಟೋ ತಲೆಮಾರಿನ ಹಿಂದೆ ಅಲ್ಲೊಂದು ಊರೇ ಇತ್ತು. ಅದೇ ಮೂರು ಕಲ್ಲಿನ ಮೇಲೆ ಅತ್ತೆ ನಮ್ಮ ಮನೆಯ ಮೊದಲ ಹಾಲು ಉಕ್ಕಿಸಿದರು. ನನ್ನ ಮಗಳಿಗೆ ಎರೆಯಲು ಮೊದಲ ಬಿಸಿನೀರು ಕಾದದ್ದೂ ಅಲ್ಲೇ.