ಒಪ್ ಅಲ್ಲ, ಔಟ್

ಡಚ್ ಭಾಷೆಯಲ್ಲಿ ನಾನು ಮೊಟ್ಟಮೊದಲು ಹೆಮ್ಮೆಯಿಂದ ಆಡಿದ ಮಾತನ್ನು ಕೇಳಿ ಇಡೀ ತರಗತಿ ನನ್ನನ್ನು ಸಮಾಧಾನಪಡಿಸಿತು. ಡಚ್ಚರ ನಾಡಿನಲ್ಲಿ ನಾವಿರುವ ನ್ಯೂವೆಗೈನ್ ಊರಿನ ಗ್ರಂಥಾಲಯದಲ್ಲಿ ಹೊರನಾಡಿನಿಂದ ಬಂದವರಿಗೆ ವಾರಕ್ಕೊಮ್ಮೆ ಡಚ್ ಪಾಠ ನಡೆಯುತ್ತದೆ. ಕಲಿಸುವವರು ಮರೈಕೆ, ಶಾಲೆಯಿಂದ ನಿವೃತ್ತರಾದ ಮೇಷ್ಟ್ರಮ್ಮ. ಒಬ್ಬೊಬ್ಬರೂ ತಮ್ಮ ಬಗ್ಗೆ ಒಂದು ವಾಕ್ಯ ಹೇಳಿ ಎಂದರು. ಸಿರಿಯಾದ ಸಮೀರ್ ತನಗೆ ಸೈಕಲ್ ಇಷ್ಟ ಎಂದ. ಪೋಲೆಂಡಿನ ಕಾಸಿಯಾ ತನಗೆ ಇಲ್ಲಿಯ ಗಾಳಿ ಇಷ್ಟವಿಲ್ಲ ಎಂದಳು. ನಾನು ಎದ್ದು ನಿಂತೆ. ಸರಿಮಾಡಿಕೊಳ್ಳಲು ಸೆರಗು ಇರಲಿಲ್ಲವಾದ್ದರಿಂದ ಜಾಕೆಟ್ಟನ್ನೇ ಸರಿಮಾಡಿಕೊಂಡು, "ಇಕ್ ಖೇಫ್ ಮೈನ್ ಬುಕ್ ಒಪ್" ಎಂದೆ. ನಾನು ನನ್ನ ಪುಸ್ತಕವನ್ನು ಪ್ರಕಟಿಸುತ್ತಿದ್ದೇನೆ ಎಂದು ಹೇಳಿದೆನೆಂಬುದು ನನ್ನ ಭಾವನೆ. ಚಪ್ಪಾಳೆಗೆ ಕಾದೆ. ಮರೈಕೆಯ ಮುಖ ಬಾಡಿತು. ಕಾಸಿಯಾ ನನ್ನ ಕೈ ಹಿಡಿದುಕೊಂಡಳು. ವಿರಾಮದಲ್ಲಿ ಸಮೀರ್ ತನ್ನ ಪಾಲಿನ ಬಿಸ್ಕತ್ತನ್ನು ನನ್ನ ತಟ್ಟೆಗೆ ಸರಿಸಿದ. ಈ ನಾಡಿನಲ್ಲಿ ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಡುತ್ತಾರೆ, ಹಾಗಾಗಿ ಅದೇನು ಸಣ್ಣ ತ್ಯಾಗವಲ್ಲ.

ಮನೆಗೆ ಬಂದು ಈ ಅಕಾಲ ಸಹಾನುಭೂತಿಯ ಕಥೆ ಹೇಳಿದೆ. ಇಲ್ಲಿಯ ಶಾಲೆಯಲ್ಲೇ ಓದುವ ಮಗಳು ಅನಘಾ ತಟ್ಟೆಯಿಂದ ತಲೆ ಎತ್ತಿ, "ಅಮ್ಮಾ, ಒಪ್ ಅಂದ್ರೆ ಗಿವ್ ಅಪ್. ಯು ಟೋಲ್ಡ್ ದೆಮ್ ಯು ಕ್ವಿಟ್. ನೀನು ಔಟ್ ಅನ್ಬೇಕಿತ್ತು" ಎಂದಳು.

ವಿಷಯ ಇಷ್ಟೇ. 'ಖೇಫ್' ಎಂದರೆ ಕೊಡುತ್ತೇನೆ. ಆದರೆ ವಾಕ್ಯದ ಕೊನೆಯಲ್ಲಿ 'ಒಪ್' ಬಂದರೆ ಕೈಬಿಡುತ್ತೇನೆ ಎಂದು ಅರ್ಥ. ನಮ್ಮ ಕಿವಿಗೆ 'ಔಟ್' ಎಂದೇ ಕೇಳಿಸುವ ಇನ್ನೊಂದು ಪದ ಬಂದರೆ ಪ್ರಕಟಿಸುತ್ತೇನೆ ಎಂದು ಅರ್ಥ. ಈಗ ನೀವೇ ಹೇಳಿ, ಕನ್ನಡ ಬಲ್ಲವರು ಇವೆರಡರಲ್ಲಿ ಯಾವುದನ್ನು ಶುಭವೆಂದು ಆರಿಸಿಕೊಳ್ಳುತ್ತಾರೆ? 'ಒಪ್' ಎನ್ನುವುದು 'ಒಪ್ಪು' ಎನ್ನುವುದರ ಸ್ವಂತ ತಮ್ಮನ ಹಾಗೆ ಕೇಳಿಸುತ್ತದೆ. ಮದುವೆಯ ಮಾತಿನಿಂದ ಹಿಡಿದು ಮನೆ ಬಾಡಿಗೆಯವರೆಗೆ ನಮ್ಮಲ್ಲಿ ಶುಭವಾದದ್ದೆಲ್ಲ ಒಪ್ಪಿದ ಮೇಲೆ ತಾನೇ ಆಗುವುದು? ಇನ್ನು 'ಔಟ್' ಎಂದರೆ, ಬ್ಯಾಟು ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿ ಮೈದಾನ ಬಿಡುವವನ ಚಿತ್ರ ಬಿಟ್ಟು ಬೇರೇನು ಕಣ್ಣಿಗೆ ಬರುತ್ತದೆ? ನಾನು ಕನ್ನಡವನ್ನು ನಂಬಿ ಕೆಟ್ಟೆ. ಗಂಡ ರಘು ಮೊಬೈಲಿನಲ್ಲಿ ನಿಘಂಟು ನೋಡಿ, ಆ ಔಟ್ ಸೇರಿದ ಕ್ರಿಯಾಪದಕ್ಕೆ ಪ್ರಕಟಿಸು ಎನ್ನುವುದರ ಜೊತೆಗೆ ದುಡ್ಡು ಖರ್ಚು ಮಾಡು ಎಂಬ ಅರ್ಥವೂ ಇದೆ ಎಂದು ಕಂಡುಹಿಡಿದರು. ಡಚ್ಚರು ಅನುಭವಸ್ಥರು ಎಂದು ತಲೆದೂಗಿದರು.

ನಿಜ ಹೇಳಬೇಕೆಂದರೆ, ಒಪ್ಪೋ ಔಟೋ, ಆಗ ನಾನು ಏನನ್ನೂ ಪ್ರಕಟಿಸುವ ಸ್ಥಿತಿಯಲ್ಲಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಸ್ವಭಾವ. ಅನಘಾ ಅಂಗನವಾಡಿಯ ವಯಸ್ಸಿನಲ್ಲಿದ್ದಾಗ ಶುರುಮಾಡಿ, ಅವಳು ನನ್ನ ಡಚ್ ತಿದ್ದುವಷ್ಟು ದೊಡ್ಡವಳಾಗುವ ಹೊತ್ತಿಗೆ ಮುಗಿಸಿದ ಕಾದಂಬರಿಯೊಂದನ್ನು ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ, ಅಷ್ಟೇ. ಅವರು ಅದನ್ನು ಓದಿ ಹೇಳುವ ಕೆಲಸವನ್ನು ಮೂರ್ತಿ ಎಂಬ ಹಿರಿಯ ಸಂಪಾದಕರಿಗೆ ಒಪ್ಪಿಸಿದ್ದರು. ತರಗತಿಯ ಸಾಂತ್ವನಕ್ಕೆ ಶಕುನದ ಶಕ್ತಿ ಇತ್ತೋ ಏನೋ, ಅದೇ ವಾರ ಮೂರ್ತಿಯವರ ಫೋನ್ ಬಂತು.

"ನಿಮ್ಮ ನಾಯಕಿ ವನಜ ಬಹಳ ಚೆನ್ನಾಗಿ ಕಾಫಿ ಕುಡೀತಾರಮ್ಮ," ಎಂದರು ಮೂರ್ತಿ. "ಅದು ಬಿಟ್ಟು ಇನ್ನೇನು ಮಾಡ್ತಾರೆ?"

"ಮಾಡ್ತಾಳೆ ಸರ್. ಕೊನೇಲಿ ಮಾಡ್ತಾಳೆ."

"ಅಷ್ಟೊತ್ತಿಗೆ ಓದೋರು ಎದ್ದು ಹೋಗಿರ್ತಾರಲ್ಲ."

ಭಾಷೆ ಚೆನ್ನಾಗಿದೆ, ಜನ ಚೆನ್ನಾಗಿದ್ದಾರೆ, ಕಟ್ಟಡ ಮಾತ್ರ ಇಲ್ಲ ಎಂದರು. ಕಂಬವಿಲ್ಲದೆ ಚಪ್ಪರ ನಿಲ್ಲಿಸಲು ಹೊರಟಿದ್ದೀರಿ, ಇನ್ನೊಂದು ಸಲ ಕಟ್ಟಿ ಕಳಿಸಿ, ಓದುತ್ತೇನೆ, ಮೂರನೆಯ ಸಲ ಮಾತ್ರ ಓದಲಾರೆ ಎಂದು ಮೆತ್ತಗೆ ಹೇಳಿ ಫೋನಿಟ್ಟರು. ಹಾಗೆ ಹೇಳುವವರು ಕೂಗಾಡಿದರೆ ಎಷ್ಟೋ ವಾಸಿ, ಕೋಪ ಮಾಡಿಕೊಂಡಾದರೂ ಬದುಕಬಹುದು. ನಾನು ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಕಾದಂಬರಿಯನ್ನು ಪಿಡಿಎಫ್ ಮಾಡಿ ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕೋಣವೇ ಎಂದು ರಘು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆ ಗುಂಪಿನಲ್ಲಿ ಶುಭೋದಯದ ಗುಲಾಬಿಗಳ ನಡುವೆ ನನ್ನ ಇಷ್ಟು ವರ್ಷಗಳ ಕೆಲಸ ಮಲಗಿರುವುದನ್ನು ನೆನೆದು ನನಗೆ ಅಳು ಬಂತು. ಒಪ್ ಎಂದದ್ದೇ ಸರಿಯಾಗಿತ್ತು ಅನ್ನಿಸಿತು.

ಕಾದಂಬರಿಯ ಕಥೆ ದೊಡ್ಡದೇನಲ್ಲ. ಮೈಸೂರಿನಲ್ಲಿ ವನಜ, ಗಿರಿಜ ಎಂಬ ಅಕ್ಕತಂಗಿಯರು ವಿದ್ಯಾರ್ಥಿಗಳಿಗಾಗಿ ಮೆಸ್ ನಡೆಸುತ್ತಾರೆ. ಹೊಸ ಬೋರ್ಡು ಬರೆಸುವಾಗ ಅದರ ಮೇಲೆ ಯಾರ ಹೆಸರು ಮೊದಲು ಎಂದು ಜಗಳವಾಗುತ್ತದೆ. ಅಕ್ಕ ವನಜ ಅಡುಗೆಮನೆಗೆ ಬೀಗ ಜಡಿಯುತ್ತಾಳೆ. ನನ್ನ ಮೊದಲ ಪ್ರತಿಯಲ್ಲಿ ಈ ಬೀಗ ಬೀಳುತ್ತಿದ್ದದ್ದು ಕೊನೆಯ ಅಧ್ಯಾಯಕ್ಕೆ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ವನಜ ಎದ್ದು, ಮುಖ ತೊಳೆದು, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿ ಕುಡಿದು, ಬೀದಿಯನ್ನು ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಒಳಗೆ ಹೋಗಿ ಇರುತ್ತಿದ್ದಳು.

ಇದು ನನ್ನೊಬ್ಬಳ ದೋಷವಲ್ಲ, ಇದರಲ್ಲಿ ನಮ್ಮ ವ್ಯಾಕರಣದ ಕೈವಾಡವಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಅದಕ್ಕೆ ಮುಂಚೆ ಮಾಡಿ, ನೋಡಿ, ತಿಂದು, ಕುಡಿದು ಎಂದು ಅಪೂರ್ಣಕ್ರಿಯೆಗಳನ್ನು ಮಲ್ಲಿಗೆ ಕಟ್ಟಿದ ಹಾಗೆ ಎಷ್ಟು ಮೊಳ ಬೇಕಾದರೂ ಕಟ್ಟುತ್ತಾ ಹೋಗಬಹುದು. ಕೇಳುವವರು ಅಲ್ಲಾಡುವ ಹಾಗಿಲ್ಲ. 'ಮದುವೆಗೆ ಖಂಡಿತ ಮನೆಮಂದಿಯೆಲ್ಲ ಬರುತ್ತೇವೆ ಎಂದು ನಾವು ಹೇಳಿ...' ಎನ್ನುವವರೆಗೆ ಅಡುಗೆಯವರಿಗೆ ಲೆಕ್ಕ ಕೊಡಬಾರದು, ಮುಂದೆ ಬರುವುದು 'ದ್ದೇವೆ'ಯೋ 'ಲ್ಲ'ವೋ ದೇವರೇ ಬಲ್ಲ. ನಮ್ಮ ನೆಂಟರೂ ಅದೇ ವ್ಯಾಕರಣದವರು. ಬರುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ, ತಿಂಡಿ ತಿನ್ನುತ್ತಾರೆ, ಬಿಸಿಲನ್ನು ಬಯ್ಯುತ್ತಾರೆ, ಹೊರಟು ನಿಲ್ಲುತ್ತಾರೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತಾ, "ಅಂದ ಹಾಗೆ..." ಎಂದು ಬಂದ ವಿಷಯ ಎತ್ತುತ್ತಾರೆ. ನನ್ನ ಕಾದಂಬರಿಯೂ ಹಾಗೆ ಹೊಸಿಲ ಮೇಲೆ ನಿಂತು ಬಾಯಿಬಿಟ್ಟಿತ್ತು.

ಮುಂದಿನ ವಾರ ಪಾಠಕ್ಕೆ ಹೋಗಲು ಮನಸ್ಸಿರಲಿಲ್ಲ. ಆದರೆ ಹೋಗದಿದ್ದರೆ ಮರೈಕೆ ಹೂಗುಚ್ಛ ಹಿಡಿದು ಮನೆಗೇ ಬಂದಾರೆಂದು ಹೆದರಿ ಹೋದೆ. ಅವತ್ತಿನ ಪಾಠವೇ ಕ್ರಿಯಾಪದ. ಡಚ್ಚರು ಅದಕ್ಕೆ 'ವೆರ್ಕ್‌ವೋರ್ಡ್' ಎನ್ನುತ್ತಾರೆ, ಅಂದರೆ ಕೆಲಸದ ಮಾತು. ಪ್ರಧಾನ ವಾಕ್ಯದಲ್ಲಿ ಅದು ಕೂರಬೇಕಾದದ್ದು ಎರಡನೆಯ ಜಾಗದಲ್ಲಿ, ಯಾರು ಏನು ಹೇಳಿದರೂ ಅದು ಆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಮರೈಕೆ ಬೋರ್ಡಿನ ಮೇಲೆ ಕುರ್ಚಿಯನ್ನೇ ಬರೆದರು. ನನಗೆ ಆಶ್ಚರ್ಯವಾಗಲಿಲ್ಲ. ಬೀದಿಗೆ ತೆರೆದ ಕಿಟಕಿಗೆ ಪರದೆ ಹಾಕದೆ, ತಾವು ಉಣ್ಣುವುದನ್ನು ದಾರಿಹೋಕರಿಗೆಲ್ಲ ತೋರಿಸುವ ಜನ ವಾಕ್ಯದಲ್ಲಿ ತಾನೆ ಏನು ಮುಚ್ಚಿಡುತ್ತಾರೆ?

ಮನೆಗೆ ಬಂದವಳೇ ವನಜಳ ಕೆಲಸದ ಮಾತನ್ನು ಎರಡನೆಯ ಕುರ್ಚಿಗೆ, ಅಂದರೆ ಎರಡನೆಯ ಅಧ್ಯಾಯಕ್ಕೆ ತಂದು ಕೂರಿಸಿದೆ. ಉತ್ಸಾಹ ಹೆಚ್ಚಾಗಿ, ಅದೇ ಅಧ್ಯಾಯದಲ್ಲಿ ಬೀಗ ಹಾಕಿಸಿ, ಅಳಿಸಿ, ಬೀಗ ತೆಗೆಸಿ, ಅಕ್ಕತಂಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವಂತೆಯೂ ಮಾಡಿಬಿಟ್ಟೆ. ಮೂರನೆಯ ಅಧ್ಯಾಯದಿಂದ ಮುಂದೆ ಕಾಫಿಯೊಂದೇ ಉಳಿಯಿತು. ಮೊದಲು ಓದುಗರು ವಿಷಯ ಬರಲಿಲ್ಲವೆಂದು ಎದ್ದು ಹೋಗುತ್ತಿದ್ದರು, ಈಗ ವಿಷಯ ಮುಗಿಯಿತೆಂದು ಎದ್ದು ಹೋಗುತ್ತಿದ್ದರು.

ನನ್ನನ್ನು ಕಾಪಾಡಿದ್ದು ಅದರ ಮುಂದಿನ ಪಾಠ. ಡಚ್ ಕ್ರಿಯಾಪದಗಳಲ್ಲಿ ಕೆಲವು ಎರಡು ತುಂಡಾಗುತ್ತವೆ. ಒಂದು ತುಂಡು ಎರಡನೆಯ ಜಾಗದಲ್ಲಿ ಕೂತುಕೊಳ್ಳುತ್ತದೆ. ಇನ್ನೊಂದು ತುಂಡು ವಾಕ್ಯದ ಕಟ್ಟಕಡೆಗೆ ಹೋಗಿ ನಿಲ್ಲುತ್ತದೆ. ನನ್ನ ಮಾನ ಕಳೆದ ಆ ಖೇಫ್ ಮತ್ತು ಒಪ್ ಹಾಗೆ. ಉಳಿದ ಮಾತೆಲ್ಲ ಇವೆರಡರ ನಡುವೆ ಇರಬೇಕು. ಇದನ್ನು ತೋರಿಸಲು ಮರೈಕೆ ಚೀಲದಿಂದ ಒಂದು ವಸ್ತುವನ್ನು ತೆಗೆದು ಎತ್ತಿ ಹಿಡಿದರು. ನೋಡಿದರೆ ನಮ್ಮ ಅಡುಗೆಮನೆಯ ಇಕ್ಕಳದ ದಾಯಾದಿ. ಈ ರಚನೆಗೆ ಇವರ ವೈಯಾಕರಣಿಗಳು ಇಟ್ಟಿರುವ ಹೆಸರೂ ಇಕ್ಕಳವೇ ಅಂತೆ. ಇಕ್ಕಳ ಹಿಡಿದು ದೊಡ್ಡವಳಾದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆಯಿಂದ ಅಮುಕಿದರೆ ಕುದಿಯುವ ಸಾರಿನ ಪಾತ್ರೆಯೂ ಕೈಗೆ ಬರುತ್ತದೆ. ಒಂದೇ ಕಾಲಿನಿಂದ ಎತ್ತಲು ಹೋದರೆ ಸಾರೆಲ್ಲ ಕಾಲಮೇಲೆ. ನಾನು ಮೊದಲ ಸಲ ಇಕ್ಕಳದ ಕೊನೆಯ ಕಾಲಿನಿಂದ ಎತ್ತಲು ಹೋಗಿದ್ದೆ, ಎರಡನೆಯ ಸಲ ಮೊದಲ ಕಾಲಿನಿಂದ.

ಹಾಗಾದರೆ ವನಜಳ ಬೀಗ ಎರಡನೆಯ ಅಧ್ಯಾಯದಲ್ಲಿ ಬೀಳಬೇಕು, ಕೊನೆಯವರೆಗೂ ತೆಗೆಯಬಾರದು. ಸರಿ, ಆದರೆ ತೆಗೆಯುವವರು ಯಾರು? ವನಜಳೇ ಹಾಕಿ ವನಜಳೇ ತೆಗೆದರೆ ಅಷ್ಟು ಪುಟಗಳು ಯಾಕೆ ಬೇಕು? ಇದೇ ಯೋಚನೆಯಲ್ಲಿ ಒಂದು ವಾರ ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ. ಆಗಲೇ ನನ್ನ ಸೈಕಲ್ಲಿನ ಬೀಗ ಕೆಟ್ಟುಹೋಗಿ, ಹೊಸದನ್ನು ಕೊಳ್ಳಲು ಹೋದೆ. ಅಂಗಡಿಯವನು ಬೀಗದ ಜೊತೆ ತಂತಿಗೆ ಪೋಣಿಸಿದ ಎರಡು ಬೀಗದ ಕೈಗಳನ್ನು ಕೊಟ್ಟು, ಇನ್ನೊಂದನ್ನು ಬೇರೆ ಕಡೆ ಜೋಪಾನವಾಗಿಡಿ ಎಂದ. ನಾನು ದುಡ್ಡು ಕೊಟ್ಟು, ಬೀಗವನ್ನು ಅಲ್ಲೇ ಮರೆತು ಮನೆಗೆ ಓಡಿದೆ. ಪ್ರಪಂಚದಲ್ಲಿ ಯಾವ ಬೀಗಕ್ಕೂ ಒಂದೇ ಕೈ ಇರುವುದಿಲ್ಲ! ಗಿರಿಜಳ ಹತ್ತಿರ ಇನ್ನೊಂದು ಬೀಗದ ಕೈ ಇತ್ತು. ಮೊದಲ ದಿನದಿಂದಲೂ ಅವಳ ಸೆರಗಿನ ಗಂಟಿನಲ್ಲಿತ್ತು. ಯಾವತ್ತು ಬೇಕಾದರೂ ತೆಗೆಯಬಹುದಾಗಿತ್ತು. ಅಕ್ಕನೇ ಬಂದು ತೆಗೆಯಲಿ ಎಂದು ಕಾಯುತ್ತಿದ್ದಳು.

ಇದು ಹೊಳೆದಾಗ ಆದ ಸಂತೋಷವನ್ನು ನಾನು ಮುಚ್ಚಿಡಲಾರೆ. ಅನಘಾಳನ್ನು ಹಿಡಿದು ಗಿರಗಿರನೆ ತಿರುಗಿಸಿದೆ, ಅವಳು "ಅಮ್ಮಾ, ದೂ ನೊರ್ಮಾಲ್!" ಎಂದು ಬಿಡಿಸಿಕೊಂಡಳು. ಹುಚ್ಚುಹುಚ್ಚಾಗಿ ಆಡಬೇಡ ಎನ್ನಲು ಇಲ್ಲಿಯ ಮಕ್ಕಳು ಹೇಳುವ ಮಾತು ಅದು. ಇಡೀ ಕಾದಂಬರಿಯನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬೀಗ ಬಿದ್ದ ಮೇಲೆ ವನಜಳ ಸ್ಟೌವ್ ಜಗಲಿಗೆ ಬಂತು, ಗಿರಿಜಳದು ಹಿತ್ತಿಲಿಗೆ. ನಡುವೆ ಬೀಗ ಹಾಕಿದ ಅಡುಗೆಮನೆ. ನಿಮಗೊಂದು ಗುಟ್ಟು ಹೇಳಲೇ? ನಾನು ಒಂದು ಲೋಟ ಕಾಫಿಯನ್ನೂ ಚೆಲ್ಲಲಿಲ್ಲ. ಮೂರ್ತಿಯವರಿಗೆ ಆಕಳಿಕೆ ತರಿಸಿದ ಅದೇ ಕಾಫಿ, ಅದೇ ನಿಟ್ಟುಸಿರು, ಬಹುಮಟ್ಟಿಗೆ ಅದೇ ವಾಕ್ಯಗಳು. ಆದರೆ ಈಗ ಜಗಲಿಯಲ್ಲಿ ಲೋಟ ಕೆಳಗಿಟ್ಟ ಸದ್ದಿಗೆ ಹಿತ್ತಿಲಲ್ಲಿ ಇನ್ನೊಬ್ಬಳು ಕಿವಿ ನಿಮಿರಿಸುತ್ತಾಳೆ.

ಕಳಿಸಿದೆ. ಕೆಲವು ವಾರಗಳ ಮೇಲೆ ಮೂರ್ತಿಯವರ ಫೋನ್ ಬಂತು. ಅವರು ಅಪ್ಪಟ ಕನ್ನಡಿಗರು. ಮೊದಲು ನಮ್ಮೆಲ್ಲರ ಆರೋಗ್ಯ ವಿಚಾರಿಸಿದರು. ಅಲ್ಲಿ ಚಳಿ ಎಷ್ಟು ಎಂದು ಕೇಳಿದರು. ತಮ್ಮ ಮೊಣಕಾಲಿನ ನೋವಿಗೆ ಬಂದರು. ನಿಮ್ಮ ಕಡೆಯ ಚೀಸು ನಿಜವಾಗಿಯೂ ಅಷ್ಟು ರುಚಿಯೇ ಎಂದರು. ನಾನು ಕುರ್ಚಿಯ ಕೈ ಹಿಡಿದು ಕ್ರಿಯಾಪದಕ್ಕಾಗಿ ಕಾಯುತ್ತಿದ್ದೆ. ಇಡುತ್ತೇನಮ್ಮ ಎಂದವರು ಇಡಲಿಲ್ಲ.

"ಅಂದ ಹಾಗೆ, ಗಿರಿಜ ಹತ್ರ ಇನ್ನೊಂದು ಬೀಗದ ಕೈ ಇದ್ದದ್ದು ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಸರ್," ಎಂದೆ.

"ನನಗೂ ಗೊತ್ತಾಗ್ಲಿಲ್ಲ. ಹಾಗಾದ್ರೆ ಅಚ್ಚಿಗೆ ಕೊಟ್ಟುಬಿಡೋಣ."

ಪುಸ್ತಕದ ಕಟ್ಟು ಬಂದ ವಾರ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಪಾಠಕ್ಕೆ ಹೋದೆ. ಹೊಸ ಸುದ್ದಿ ಇದ್ದವರು ಹೇಳಿ ಎಂದರು ಮರೈಕೆ. ನಾನು ಎದ್ದು ನಿಂತು ಜಾಕೆಟ್ ಸರಿಮಾಡಿಕೊಂಡೆ.

"ಇಕ್ ಖೇಫ್ ಮೈನ್ ಬುಕ್..."

ಅಲ್ಲಿ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ. ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಒಮ್ಮೆಯಾದರೂ ಜನರ ಮೇಲೆ ಪ್ರಯೋಗಿಸಬೇಡವೇ? ಮರೈಕೆ ಕನ್ನಡಕ ಏರಿಸಿಕೊಂಡರು. ಕಾಸಿಯಾಳ ಕೈ ನನ್ನ ಕೈಯತ್ತ ಅರ್ಧ ದಾರಿ ಬಂದು ನಿಂತಿತು. ಸಮೀರ್ ತನ್ನ ಬಿಸ್ಕತ್ತನ್ನು ಆಗಲೇ ಎರಡು ಬೆರಳಲ್ಲಿ ಎತ್ತಿ ನನ್ನ ತಟ್ಟೆಯ ಕಡೆ ಸಾಗಿಸುತ್ತಿದ್ದ. ಕೋಣೆಯಲ್ಲಿ ಇದ್ದವರೆಲ್ಲ ಒಂದೇ ಒಂದು ಪುಟ್ಟ ಪದಕ್ಕೆ ಉಸಿರು ಹಿಡಿದಿದ್ದರು. ನಾನು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

"...ಔಟ್," ಎಂದೆ.

ಚಪ್ಪಾಳೆ ಪಕ್ಕದ ಮಕ್ಕಳ ವಿಭಾಗದವರೆಗೂ ಕೇಳಿಸಿತಂತೆ. ಆಮೇಲೆ ಮರೈಕೆ, ಕಣ್ಣೊರೆಸಿಕೊಂಡೇ, ಪ್ರಕಟಿಸುವವರು ಪ್ರಕಾಶಕರು, ಬರೆದವರಲ್ಲ, ಆದ್ದರಿಂದ ನಿನ್ನ ವಾಕ್ಯ ಈಗಲೂ ಪೂರ್ತಿ ಸರಿಯಿಲ್ಲ ಎಂದು ತಿದ್ದಿದರು. ನಾನು ಅದನ್ನು ಒಪ್ಪಲಿಲ್ಲ. ಸಮೀರ್ ಮಾತ್ರ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬಹಳ ನೆಮ್ಮದಿಯಿಂದ, ತನ್ನ ಬಿಸ್ಕತ್ತನ್ನು ತಾನೇ ತಿಂದ.